ಟಾಪ್ಲಿಸ್ ಹಿತ್ತಲಿನ ಪ್ರಾಚೀನ ಒಲೆ

ವೈಕೋರಾ ಎಂಬ ಸಣ್ಣ ಊರಿನ ಮರ್ವಿನ್ ಟಾಪ್ಲಿಸ್‌ಗೆ ಗೊತ್ತಿಲ್ಲದ ಇತಿಹಾಸವೇ ಇರಲಿಲ್ಲ. ಈಜಿಪ್ಟಿನ ಅರಸರ ಹೆಸರುಗಳನ್ನು ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಹೇಳಬಲ್ಲವನಾಗಿದ್ದ. ರೋಮಿನ ಸಿಪಾಯಿ ಬೆಳಗ್ಗೆ ಎದ್ದು ಏನು ತಿನ್ನುತ್ತಿದ್ದ, ಅವನ ಚಪ್ಪಲಿಯ ಅಡಿಯಲ್ಲಿ ಎಷ್ಟು ಮೊಳೆಗಳಿದ್ದವು, ಬ್ಯಾಬಿಲೋನಿನ ವ್ಯಾಪಾರಿ ಮಣ್ಣಿನ ಹಲಗೆಯ ಮೇಲೆ ಹೆಂಡತಿಗೆ ಏನೆಂದು ಸುಳ್ಳು ಬರೆದ, ಯಾವುದನ್ನು ಬೇಕಾದರೂ ಕೇಳಬಹುದಿತ್ತು. ಕೇಳದಿದ್ದರೂ ಹೇಳುತ್ತಿದ್ದ. ಮಾಂಸದಂಗಡಿಯ ಸಾಲಿನಲ್ಲಿ ಅವನ ಹಿಂದೆ ನಿಲ್ಲಲು ಊರಿನ ಜನ ಹೆದರುತ್ತಿದ್ದರು. ಕುರಿಯ ತೊಡೆಯಿಂದ ಶುರುವಾದ ಮಾತು, ಅಂಗಡಿಯವನು ಪೊಟ್ಟಣ ಕಟ್ಟುವಷ್ಟರಲ್ಲಿ ಮೆಸೊಪೊಟೇಮಿಯಾ ತಲುಪಿರುತ್ತಿತ್ತು.

ಇಷ್ಟೆಲ್ಲ ದೇಶ ಸುತ್ತಿದ್ದು ಒಂದೇ ಕುರ್ಚಿಯಲ್ಲಿ ಕುಳಿತು. ಕಂದು ಬಣ್ಣದ, ಹಿಂದಕ್ಕೆ ಒರಗುವ, ಕಾಲು ಚಾಚಲು ಹಲಗೆಯಿದ್ದ ಕುರ್ಚಿ ಅದು. ಹಾಲಿನ ಫ್ಯಾಕ್ಟರಿಯಲ್ಲಿ ತೂಕದ ಕೋಣೆಯ ಕೆಲಸ ಮುಗಿಸಿ ಬಂದವನು ಬೂಟು ಬಿಚ್ಚಿ ಅದರಲ್ಲಿ ಕುಳಿತರೆ, ಊಟಕ್ಕೆ ಕರೆಯುವ ತನಕ ಈ ಶತಮಾನಕ್ಕೆ ಮರಳುತ್ತಿರಲಿಲ್ಲ. ನಿವೃತ್ತಿಯ ಮೇಲೆ ಊಟಕ್ಕೂ ಮರಳುವುದು ತಡವಾಯಿತು. ಕುಡಿತವಿಲ್ಲ, ಜೂಜಿಲ್ಲ, ಪುಸ್ತಕವೊಂದು ಕೈಯಲ್ಲಿದ್ದರೆ ಗಂಡ ಎಲ್ಲಿದ್ದಾನೆಂದು ಹುಡುಕಬೇಕಾಗಿಲ್ಲ ಎಂದು ಹೆಂಡತಿ ಬೆರಿಲ್ ದೇವರಿಗೆ ಕೃತಜ್ಞಳಾಗಿದ್ದಳು. ಕುರ್ಚಿಯ ಸುತ್ತ ನೆಲ ಗುಡಿಸುವಾಗ ಮಾತ್ರ ಆ ಕೃತಜ್ಞತೆ ಸ್ವಲ್ಪ ಕಡಿಮೆಯಾಗುತ್ತಿತ್ತು.

ಮರ್ವಿನ್‌ಗೆ ತಿಳಿಯದಿದ್ದ ಇತಿಹಾಸ ಒಂದೇ, ತನ್ನ ಮನೆಯದು. ಯಾರೂ ಹೇಳಿರಲಿಲ್ಲ ಎಂದಲ್ಲ. ಬೆರಿಲ್ ಹೇಳುವ ಹೊತ್ತಿಗೆ ಅವನು ಟ್ರಾಯ್ ನಗರದಲ್ಲಿ ಇರುತ್ತಿದ್ದ.

ಆ ಇತಿಹಾಸ ಹೀಗೆ. ಬೆರಿಲ್‌ಳ ಅಮ್ಮ ಸಾಯುವಾಗ ಇಬ್ಬರು ಹೆಣ್ಣುಮಕ್ಕಳಿಗೂ ಸೇರಿ ಎರಡು ಬೆಳ್ಳಿಯ ಚಮಚ ಬಿಟ್ಟು ಹೋಗಿದ್ದಳು. ಬಡಿಸುವುದಕ್ಕೆಂದು ಮಾಡಿದ ದೊಡ್ಡ ಚಮಚಗಳು, ಹಿಡಿಯ ಮೇಲೆ ಒಂದೊಂದು ಗುಲಾಬಿ ಹೂವಿನ ಕೆತ್ತನೆ, ಇಡಲು ಮಖಮಲ್ಲಿನ ಪೆಟ್ಟಿಗೆ. ಜೋಡಿ ಒಡೆಯುವುದು ಬೇಡವೆಂದು ಪೆಟ್ಟಿಗೆ ಅಕ್ಕ ಬೆರಿಲ್‌ಳ ಹತ್ತಿರ ಇತ್ತು. ಮರ್ವಿನ್‌ಗೆ ಐವತ್ತು ತುಂಬಿದ ಶನಿವಾರ ಊರಿಗೆಲ್ಲ ಊಟ ಹಾಕಿದರು. ಧೋ ಎಂದು ಮಳೆ ಸುರಿಯಿತು. ಮರುದಿನ ನೋಡಿದರೆ ಪೆಟ್ಟಿಗೆಯಲ್ಲಿ ಒಂದೇ ಚಮಚ. ಹಿಂದಿನ ರಾತ್ರಿ ಪಾತ್ರೆ ತೊಳೆದವಳು ತಂಗಿ ಎನಿಡ್.

"ಎನಿಡ್, ನಿನ್ ಚೀಲದಲ್ಲಿ ಒಂದ್ಸಲ ನೋಡ್ತೀಯಾ?" ಎಂದು ಬೆರಿಲ್ ಕೇಳಿದಳು. ಕೇಳಿದ್ದು ಅಷ್ಟೇ.

ಎನಿಡ್ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಒಂದು ಬಾಚಣಿಗೆ, ಒಂದು ಕರವಸ್ತ್ರ, ಅರ್ಧ ಸುತ್ತು ಪೆಪ್ಪರ್‌ಮೆಂಟು, ಬಸ್ಸಿನ ಟಿಕೆಟು ಬಿದ್ದವು. ಒಂದನ್ನೂ ಎತ್ತಿಕೊಳ್ಳದೆ ಖಾಲಿ ಚೀಲ ಹೆಗಲಿಗೆ ಹಾಕಿ ಹೊರಟುಹೋದಳು. ಇದಾಗಿ ಇಪ್ಪತ್ತಾರು ವರ್ಷ. ಅಕ್ಕತಂಗಿಯರ ಮನೆಗಳ ನಡುವೆ ಎರಡೇ ಬೀದಿ. ಅಕ್ಕ ಮಂಗಳವಾರ ದಿನಸಿಗೆ ಹೋದರೆ ತಂಗಿ ಬುಧವಾರ. ಚರ್ಚಿನಲ್ಲಿ ಅಕ್ಕ ಎಡಕ್ಕೆ, ತಂಗಿ ಬಲಕ್ಕೆ. ಮೇಜಿನ ಮೇಲೆ ಬಿದ್ದದ್ದನ್ನೆಲ್ಲ ಬೆರಿಲ್ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹಾಕಿ ಬೀರುವಿನ ಮೇಲಿಟ್ಟಳು. ಪ್ರತಿ ಕ್ರಿಸ್‌ಮಸ್‌ಗೆ ಧೂಳು ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದಳು. ಆ ಶನಿವಾರದ ಮಾತನ್ನು ಮನೆಯಲ್ಲಿ ಯಾರೂ ಎತ್ತಕೂಡದು ಎಂಬುದು ಬರೆಯದ ಕಾನೂನು. ಮರ್ವಿನ್ ಅದನ್ನು ಎಂದೂ ಮುರಿದವನಲ್ಲ. ಆ ಶನಿವಾರ ಅವನ ನೆನಪಿನಲ್ಲೇ ಇರಲಿಲ್ಲ.

ಈಗ ಕಥೆಗೆ ಬರೋಣ. ಇದೆಲ್ಲ ಶುರುವಾದದ್ದು ಒಂದು ತುತ್ತು ಕೇಕಿನಿಂದ.

ವೈಕೋರಾ ಇತಿಹಾಸ ಸಂಘಕ್ಕೆ ಏಳು ಜನ ಸದಸ್ಯರು. ಅವರಲ್ಲಿ ಮೂವರು ಕೇಕಿಗೆಂದೇ ಬರುವವರು. ಅಧ್ಯಕ್ಷ ಲಯನೆಲ್ ಗ್ಯಾಸ್ಕೆಲ್ ಹಿಂದೆ ಬ್ಯಾಂಕಿನಲ್ಲಿದ್ದ ಮನುಷ್ಯ, ಟೈ ಕಟ್ಟದೆ ಹುಲ್ಲು ಕತ್ತರಿಸಿದವನಲ್ಲ. ಪಕ್ಕದ ಊರಿನ ಸಂಘದವರು ಬಂದಿದ್ದ ದಿನ ಅವನಿಗೆ ಏನು ಹುಮ್ಮಸ್ಸು ಬಂತೋ, ಮರ್ವಿನ್‌ನ ಹೆಗಲ ಮೇಲೆ ಕೈಹಾಕಿ, "ಇವರು ನಮ್ಮ ಸಂಘದ ಪುರಾತತ್ವಜ್ಞರು" ಎಂದುಬಿಟ್ಟ. ಅಲ್ಲ ಎನ್ನಲು ಮರ್ವಿನ್‌ಗೆ ಮನಸ್ಸಿತ್ತು. ಬಾಯಲ್ಲಿ ಕ್ರೀಮಿನ ಕೇಕಿತ್ತು. ನುಂಗುವಷ್ಟರಲ್ಲಿ ನಾಲ್ಕು ಜನ ಕೈಕುಲುಕಿ ಆಗಿತ್ತು. ಇಷ್ಟು ಜನರ ಸಂತೋಷ ಹಾಳುಮಾಡುವುದು ಸಭ್ಯತೆಯಲ್ಲವೆಂದು ಅವನು ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡ.

ಸುದ್ದಿ ಬೆರಿಲ್‌ಳ ಕಿವಿಗೆ ಬಿತ್ತು. ಅದೇ ವಾರ ಹಿತ್ತಲಿನ ಬಟ್ಟೆ ಒಣಗಿಸುವ ಕಂಬ, ಕೊಡೆಯ ಹಾಗೆ ಬಿಚ್ಚಿಕೊಂಡು ಗಾಳಿಗೆ ತಿರುಗುವಂಥದ್ದು, ಬುಡ ತುಕ್ಕು ಹಿಡಿದು ನಾಲ್ಕು ಹಾಸಿಗೆ ಬಟ್ಟೆಗಳ ಸಮೇತ ನೆಲಕ್ಕೆ ಬಿತ್ತು.

"ಮರ್ವ್," ಎಂದು ಬೆರಿಲ್ ಕುರ್ಚಿಯ ಮುಂದೆ ಗುದ್ದಲಿ ಹಿಡಿದು ನಿಂತಳು. "ನೀನು ಪುರಾತತ್ವಜ್ಞ ಅಂತೆ. ಊರೆಲ್ಲ ಹೇಳ್ತಿದೆ."

"ಅದು ಲಯನೆಲ್ ಏನೋ..."

"ಹಳೇ ಕಂಬದ ಪಕ್ಕ ಒಂದು ಗುಂಡಿ ತೋಡು. ಹೊಸ ಕಂಬ ಬಂದಿದೆ. ಸೊಂಟದ ಆಳ ಬೇಕು."

ಎಪ್ಪತ್ತಾರನೇ ವಯಸ್ಸಿನಲ್ಲಿ ಮರ್ವಿನ್ ಟಾಪ್ಲಿಸ್ ಮೊದಲ ಬಾರಿ ಗುದ್ದಲಿ ಹಿಡಿದ. ಹಿಡಿದವನು ಸುಮ್ಮನೆ ಅಗೆಯುತ್ತಾನೆಯೇ? ನಾಲ್ಕು ಗೂಟ ನೆಟ್ಟು ದಾರ ಕಟ್ಟಿ ಚೌಕ ಮಾಡಿದ. ಚೌಕದೊಳಗೆ ಸಣ್ಣ ಚೌಕಗಳನ್ನು ಮಾಡಿದ. ಪ್ರತಿಯೊಂದಕ್ಕೂ ಚೀಟಿ ಅಂಟಿಸಿದ. ಮಧ್ಯಾಹ್ನದ ಹೊತ್ತಿಗೆ ಅಂಗೈಯಷ್ಟು ಆಳವಾಗಿತ್ತು.

"ಕಂಬ ನೆಡೋಕೆ ಗುಂಡಿ ಕೇಳಿದ್ದು ನಾನು. ಚೆಸ್ ಆಡೋಕಲ್ಲ," ಎಂದಳು ಬೆರಿಲ್ ಅಡುಗೆಮನೆಯ ಕಿಟಕಿಯಿಂದ.

"ಮಣ್ಣು ಪುಸ್ತಕ ಇದ್ದ ಹಾಗೆ, ಬೆರಿಲ್. ಮಧ್ಯದಿಂದ ಓದಬಾರದು."

"ಹಾಗಾದ್ರೆ ಮಳೆ ಬರೋದ್ರೊಳಗೆ ಒಂದು ಅಧ್ಯಾಯ ಮುಗ್ಸು."

ಮೊಣಕಾಲಿನ ಆಳಕ್ಕೆ ಹೋದಾಗ ಮಣ್ಣಿನ ಬಣ್ಣ ಬದಲಾಯಿತು. ಕಪ್ಪು ಮಣ್ಣು, ಇದ್ದಿಲ ಚೂರುಗಳು, ಚಿಪ್ಪುಗಳು. ಒಂದು ಮೂಳೆ. ಅದರ ಕೆಳಗೆ ಒತ್ತೊತ್ತಾಗಿ ಕೂರಿಸಿದ, ಬೆಂಕಿಯಲ್ಲಿ ಸುಟ್ಟ, ದುಂಡನೆಯ ಕಲ್ಲುಗಳು. ಮರ್ವಿನ್ ಹಾಕಿದ ಕೂಗಿಗೆ ಬೆರಿಲ್ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಗಂಡ ಬಿದ್ದನೆಂದೇ ತಿಳಿದಿದ್ದಳು. ಅವನು ಗುಂಡಿಯೊಳಗೆ ಮಂಡಿಯೂರಿ ಕುಳಿತು ಕಲ್ಲುಗಳನ್ನು ಕಣ್ತುಂಬ ನೋಡುತ್ತಿದ್ದ.

"ಒಲೆ, ಬೆರಿಲ್! ಮಣ್ಣೊಲೆ! ನಮ್ಮ ಪೂರ್ವಜರು ಹಡಗು ಹತ್ತೋ ಮುಂಚೆ, ಇಲ್ಲಿನ ಜನ ಇಲ್ಲಿ, ಇದೇ ಜಾಗದಲ್ಲಿ..."

ಬೆರಿಲ್ ಬಗ್ಗಿ ನೋಡಿದಳು. ಬೇಲಿಯ ಕಡೆಗೊಮ್ಮೆ, ಹಿಂದೆ ನಿಂಬೆ ಗಿಡವಿದ್ದ ಜಾಗದ ಕಡೆಗೊಮ್ಮೆ ನೋಡಿದಳು.

"ಮರ್ವ್, ಈ ಜಾಗ, ನಿನ್ನ ಐವತ್ತನೇ..."

"ಅಲ್ಲೇ ನಿಲ್ಲು! ಪದರ! ಪದರ ತುಳೀತಾ ಇದೀಯ!"

ಬೆರಿಲ್ ಕಾಲು ಹಿಂದಕ್ಕೆ ತೆಗೆದಳು. ಬಾಯಿಗೆ ಬಂದಿದ್ದ ಮಾತನ್ನೂ ಹಿಂದಕ್ಕೆ ತೆಗೆದಳು. ಆ ಶನಿವಾರದ ಮಾತು ಎತ್ತಬಾರದೆಂಬ ಕಾನೂನು ಅವಳದೇ. ಅಲ್ಲದೆ ಆ ಗುಂಡಿ ನಿಂಬೆ ಗಿಡದ ಆಚೆಗಿತ್ತು ಎಂದು ಅವಳ ನೆನಪು.

ಇಂಥದ್ದು ಸಿಕ್ಕರೆ ಅಗೆಯುವುದನ್ನು ನಿಲ್ಲಿಸಿ ತಿಳಿಸಬೇಕೆಂಬುದು ದೇಶದ ಕಾನೂನು. ಮರ್ವಿನ್ ಪರಂಪರೆ ಇಲಾಖೆಗೆ ಫೋನು ಮಾಡಿದ. ಏನನ್ನೂ ಮುಟ್ಟಬೇಡಿ, ಗುರುವಾರ ಅಧಿಕಾರಿ ಬರುತ್ತಾರೆ, ಆ ನೆಲದ ಮೂಲನಿವಾಸಿಗಳಾದ ಮಾವೊರಿ ಬಳಗದ ಹಿರಿಯರೊಬ್ಬರೂ ಬಂದು ಪ್ರಾರ್ಥನೆ ಹೇಳುತ್ತಾರೆ ಎಂದರು. ಆಮೇಲೆ ಲಯನೆಲ್‌ಗೆ ಫೋನು ಮಾಡಿದ. ಲಯನೆಲ್ ಹತ್ತು ನಿಮಿಷದಲ್ಲಿ ಟೈ ಸಮೇತ ಹಾಜರಾದ.

"ಆರುನೂರು ವರ್ಷ," ಎಂದ ಗುಂಡಿಯ ಅಂಚಿನಲ್ಲಿ ನಿಂತು. "ಕಡಿಮೆ ಅಂದ್ರೂ."

"ಹೇಗೆ ಗೊತ್ತಾಯ್ತು?" ಎಂದಳು ಬೆರಿಲ್.

"ಬಣ್ಣ ನೋಡಿದ್ರೆ ತಿಳಿಯಲ್ವಾ ಮಿಸೆಸ್ ಟಾಪ್ಲಿಸ್? ಬ್ಯಾಂಕಿನಲ್ಲಿ ನಲವತ್ತು ವರ್ಷ ಹಳೆ ಕಾಗದ ನೋಡಿದ ಕಣ್ಣಿದು."

ಸೋಮವಾರ ಆರುನೂರಿದ್ದದ್ದು ಮಂಗಳವಾರ ಬೋಲ್ಸ್ ಆಟದ ಕ್ಲಬ್ಬಿನಲ್ಲಿ ಎಂಟುನೂರಾಯಿತು. ಬುಧವಾರ ಮಾಂಸದಂಗಡಿಯಲ್ಲಿ ಸಾವಿರ ದಾಟಿತು. ಎದುರು ಮನೆಯ ಹೆಂಗಸು ಟಾಪ್ಲಿಸ್ ಬೇಲಿ ದಾಟುವಾಗಲೆಲ್ಲ ತನಗೆ ಮೈ ಜುಮ್ಮೆನ್ನುತ್ತಿತ್ತು, ಥೈರಾಯ್ಡ್ ಅಂದುಕೊಂಡು ಇಷ್ಟು ವರ್ಷ ಮಾತ್ರೆ ನುಂಗಿದೆ ಎಂದಳು. ಮೂಲೆಮನೆಯ ನಿವೃತ್ತ ಪ್ಲಂಬರ್ ತನ್ನ ಹಿತ್ತಲಿನಲ್ಲೂ ಏನಾದರೂ ಇರಬೇಕೆಂದು ಅಗೆದು, ತಾನೇ ಹಿಂದೆ ಹಾಕಿದ್ದ ನೀರಿನ ಪೈಪು ಒಡೆದುಕೊಂಡ. ಜನ ಮಡಚುವ ಕುರ್ಚಿ ತಂದು ಬೇಲಿಯಾಚೆ ಕುಳಿತು ಗುಂಡಿ ನೋಡಿದರು. ಗುಂಡಿಯಲ್ಲಿ ಏನೂ ಆಗಲಿಲ್ಲ. ಆದರೂ ನೋಡಿದರು. ಬರುವ ಶುಕ್ರವಾರ ಸಂಜೆ ಊರಿನ ಸಭಾಂಗಣದಲ್ಲಿ "ನಮ್ಮೂರಿನ ಅತಿ ಹಳೆಯ ಒಲೆ, ಪುರಾತತ್ವಜ್ಞ ಎಂ. ಟಾಪ್ಲಿಸ್ ಅವರಿಂದ ಉಪನ್ಯಾಸ, ಚಹಾ ಉಂಟು" ಎಂದು ಲಯನೆಲ್ ಪೋಸ್ಟರು ಅಂಟಿಸಿಬಿಟ್ಟ.

ಮರ್ವಿನ್ ಬಾಳಿನಲ್ಲಿ ಇಷ್ಟು ಸುಖವಾಗಿದ್ದ ದಿನಗಳಿಲ್ಲ. ಅಂಗಡಿಯಲ್ಲಿ ಜನ ಅವನ ಹಿಂದೆ ತಾವಾಗಿ ಬಂದು ನಿಂತರು. ಮೆಸೊಪೊಟೇಮಿಯಾದ ಮಾತನ್ನು ಕೇಳಿಸಿಕೊಂಡರು. "ಆಮೇಲೆ?" ಎಂದೂ ಕೇಳಿದರು. ನಲವತ್ತು ವರ್ಷದ ಓದಿನಲ್ಲಿ ಅವನಿಗೆ "ಆಮೇಲೆ?" ಎಂದವರು ಯಾರೂ ಇರಲಿಲ್ಲ.

ಬೆರಿಲ್‌ಳ ಬಟ್ಟೆ ಮಾತ್ರ ಒಣಗಲಿಲ್ಲ. ಕಂಬವಿಲ್ಲ, ಕಂಬ ನೆಡುವ ಜಾಗಕ್ಕೆ ಕಾನೂನಿನ ಕಾವಲು. ಅವಳು ಮರ್ವಿನ್‌ನ ಓದುವ ಕೋಣೆಯಲ್ಲಿ ಹಗ್ಗ ಕಟ್ಟಿದಳು. ರೋಮನ್ ಸಾಮ್ರಾಜ್ಯದ ಆರು ಸಂಪುಟಗಳ ಮೇಲೆ ದಿಂಬಿನ ಚೀಲಗಳು ಜೋತುಬಿದ್ದವು. ಪ್ಲಾಸ್ಟರಿನ ಸೀಸರನ ತಲೆಗೆ ಮರ್ವಿನ್‌ನ ಉಣ್ಣೆಯ ಕಾಲುಚೀಲ ಬಂತು. ಉಪನ್ಯಾಸದ ಬಗ್ಗೆ ಚರ್ಚಿಸಲು ಬಂದ ಲಯನೆಲ್ ತೊಟ್ಟಿಕ್ಕುವ ನೈಟಿಯೊಂದರ ಕೆಳಗೆ ಅರ್ಧ ಗಂಟೆ ಕುಳಿತು, ಅದು ಅಲ್ಲಿ ಇಲ್ಲವೇನೋ ಎಂಬಂತೆ ಮಾತಾಡಿದ.

ಗುರುವಾರ ಬೆಳಗ್ಗೆ ಹತ್ತಕ್ಕೆ ಅಧಿಕಾರಿ ಬರಬೇಕಿತ್ತು. ಎಂಟಕ್ಕೇ ಮರ್ವಿನ್ ಹಲ್ಲುಜ್ಜುವ ಬ್ರಷ್ ಹಿಡಿದು ಗುಂಡಿಗಿಳಿದ. ಮುಟ್ಟಬೇಡಿ ಎಂದಿದ್ದರು, ನಿಜ. ಧೂಳು ಒರೆಸಬೇಡಿ ಎಂದಿರಲಿಲ್ಲ. ಒಂದು ಮೂಲೆಯಲ್ಲಿ ಧೂಳು ಒರೆಸುತ್ತಿದ್ದಾಗ ಮೊಳದುದ್ದದ ಕಬ್ಬಿಣದ ತುಂಡು ಕಂಡಿತು. ರೈಲು ಹಳಿಯ ತುಂಡು. ಆರುನೂರು ವರ್ಷದ ಒಲೆಗೂ ರೈಲು ಹಳಿಗೂ ಏನು ಸಂಬಂಧ ಎಂದು ಸಾಮಾನ್ಯ ಮನುಷ್ಯ ಕೇಳುತ್ತಾನೆ. ಮರ್ವಿನ್ ಓದಿಕೊಂಡವನು. ಮೇಲಿನಿಂದ ಜಾರಿ ಬಿದ್ದದ್ದು ಎಂದು ಚೀಟಿ ಬರೆದ.

ಅದರ ಪಕ್ಕದ ಕಲ್ಲಿನ ಸಂದಿಯಲ್ಲಿ ಏನೋ ಮಿನುಗಿತು. ಬ್ರಷ್ ಆಡಿಸಿದ. ಕಪ್ಪಗಾದ, ಉದ್ದನೆಯ ಹಿಡಿ. ಬೆರಳಿಂದ ಉಜ್ಜಿದ. ಹಿಡಿಯ ಮೇಲೆ ಗುಲಾಬಿ ಹೂವು.

ಇಪ್ಪತ್ತಾರು ವರ್ಷ ಕೇಳಿಸಿಕೊಳ್ಳದೆ ಬಿಟ್ಟದ್ದೆಲ್ಲ ಮರ್ವಿನ್‌ಗೆ ಒಟ್ಟಿಗೆ ಕೇಳಿಸಿತು. ಈ ಚಮಚ ಹೊರಗೆ ಬಂದರೆ ಎನಿಡ್ ಕಳ್ಳಿಯಲ್ಲ. ಈ ಚಮಚ ಹೊರಗೆ ಬಂದರೆ ಒಲೆಗೆ ಆರುನೂರು ವರ್ಷವೂ ಇಲ್ಲ, ಶುಕ್ರವಾರದ ಉಪನ್ಯಾಸವೂ ಇಲ್ಲ, "ಆಮೇಲೆ?" ಎನ್ನುವವರೂ ಇಲ್ಲ. ಅಷ್ಟರಲ್ಲಿ ಗೇಟು ಕಿರ್ ಎಂದಿತು. ಮರ್ವಿನ್ ಚಮಚವನ್ನು ಉಣ್ಣೆಯ ಕೋಟಿನ ಜೇಬಿಗೆ ತುರುಕಿದ.

ಬಂದವನು ಲಯನೆಲ್, ಹೊಸ ಟೈ. ಅವನ ಹಿಂದೆಯೇ ಅಧಿಕಾರಿ, ಜೋಸಿ ಪಿಕಾರ್ಡ್ ಎಂಬ ಮೂವತ್ತರ ಹೆಣ್ಣುಮಗಳು, ಕೆಸರು ಬೂಟು, ಕೈಯಲ್ಲಿ ಫಾರಂಗಳ ಕಟ್ಟು. ಅವಳ ತೋಳು ಹಿಡಿದುಕೊಂಡು ಆಂಟಿ ಹೂಯಾ. ಎಂಬತ್ತನಾಲ್ಕರ ಈ ಮುದುಕಿಯನ್ನು ಊರಿನ ಬಿಳಿಯರೂ ಮಾವೊರಿಗಳೂ ಆಂಟಿ ಎಂದೇ ಕರೆಯುತ್ತಿದ್ದರು. ನೆಲದ ಮೇಲೆ, ಜನರ ಮೇಲೆ ಪ್ರಾರ್ಥನೆ ಹೇಳಬೇಕಾದರೆ ಆ ಬಳಗದಲ್ಲಿ ಅವರೇ ಹಿರಿಯರು.

ಆಂಟಿ ಹೂಯಾ ಗುಂಡಿಯ ಅಂಚಿಗೆ ಬಂದರು. ಕಲ್ಲುಗಳನ್ನೇ ನೋಡುತ್ತ ನಿಂತರು.

"ನೋಡಿದ್ರಾ! ಹಿರಿಯರಿಗೆ ಅರಿವಾಗ್ತಿದೆ," ಎಂದ ಲಯನೆಲ್, ಅಧಿಕಾರಿಯ ಕಿವಿಯಲ್ಲಿ, ಬೀದಿಗೆಲ್ಲ ಕೇಳುವ ಹಾಗೆ.

ಜೋಸಿ ಮಂಡಿಯೂರಿ ಕಬ್ಬಿಣದ ತುಂಡಿನ ಚೀಟಿ ಓದಿದಳು. "ಮಿಸ್ಟರ್ ಟಾಪ್ಲಿಸ್, ಈ ರೈಲು ಹಳಿ..."

"ಜಾರಿ ಬಿದ್ದದ್ದು," ಎಂದ ಮರ್ವಿನ್.

"ಎಲ್ಲಿಂದ ಜಾರಿತು? ನಿಮ್ಮ ಹಿತ್ತಲಲ್ಲಿ ರೈಲು ಓಡ್ತಿತ್ತಾ?"

"ಇತಿಹಾಸದಲ್ಲಿ ಉತ್ತರ ಸಿಗದ ಪ್ರಶ್ನೆಗಳಿರ್ತವೆ ಮಿಸ್ ಪಿಕಾರ್ಡ್," ಎಂದು ಲಯನೆಲ್ ನಡುವೆ ಬಂದ. "ಹಳಿ ಹೊಸದಿರಬಹುದು. ಕಲ್ಲು ಹಳೇದು."

"ಕಲ್ಲು ಎಲ್ಲಾ ಕಡೆ ಹಳೇದೇ, ಸರ್. ಆರುನೂರು ವರ್ಷದ ಒಲೆಯೂ ಹೋದ ವಾರ ಕಾದ ಕಲ್ಲಿನ ಮೇಲೆ ಮಣ್ಣು ಮುಚ್ಚಿ ಬೇಯಿಸಿದ ಹಾಂಗಿಯ ಗುಂಡಿಯೂ ಮಣ್ಣೊಳಗೆ ನೋಡಿದ್ರೆ ಅಣ್ಣತಮ್ಮಂದಿರ ಥರ ಇರ್ತವೆ. ಬೇರೆ ಏನಾದ್ರೂ ಸಿಕ್ತಾ? ಕಾಲ ಹೇಳುವಂಥದ್ದು?"

ಎಲ್ಲರೂ ಮರ್ವಿನ್‌ನ ಕಡೆ ತಿರುಗಿದರು. ಬೇಲಿಯಾಚೆ ಮಡಚುವ ಕುರ್ಚಿಗಳಲ್ಲಿದ್ದವರೂ ಕಿವಿ ನಿಮಿರಿಸಿದರು. ಮರ್ವಿನ್ ಜೇಬಿನ ಮೇಲೆ ಕೈಯಿಟ್ಟು, ಹೃದಯಕ್ಕೆ ಏನೋ ಆದವನ ಹಾಗೆ ನಿಂತಿದ್ದ.

ಆಗ ಬೆರಿಲ್ ಚಹಾದ ತಟ್ಟೆ ಹಿಡಿದು ಬಂದಳು. ಬಂದವರಿಗೆಂದು ಅಮ್ಮನ ಒಳ್ಳೆಯ ಕಪ್ಪುಗಳನ್ನು ತೆಗೆದಿದ್ದಳು. ಜಾಮಿನ ಬಟ್ಟಲೂ ಅಮ್ಮನದೇ. ಅದರೊಳಗೆ ಜಾಮು ಬಡಿಸಲು ಇಟ್ಟಿದ್ದು ಮಾತ್ರ ಅಂಗಡಿಯ ತಗಡಿನ ಚಮಚ. ಉಳಿದ ಬೆಳ್ಳಿಯ ಒಂಟಿ ಚಮಚವನ್ನು ಅವಳು ಇಪ್ಪತ್ತಾರು ವರ್ಷದಿಂದ ಪೆಟ್ಟಿಗೆಯಿಂದ ಹೊರಗೆ ತೆಗೆದಿರಲಿಲ್ಲ. ಅದು ಮರ್ವಿನ್‌ಗೆ ಗೊತ್ತಾದದ್ದು ಆ ಕ್ಷಣದಲ್ಲಿ. ದಿನವೂ ಅದೇ ತಗಡಿನಲ್ಲಿ ಜಾಮು ಹಾಕಿಕೊಂಡು ತಿಂದವನು ಅವನು.

ಅವನು ಜೇಬಿನಿಂದ ಚಮಚ ತೆಗೆದು ತಟ್ಟೆಯಲ್ಲಿಟ್ಟ. "ಬೆರಿಲ್," ಎಂದ. "ಎನಿಡ್ ತಗೊಂಡಿರ್ಲಿಲ್ಲ."

ಕಪ್ಪುಗಳು ಗಲಗಲ ನಡುಗಿದವು. ಜೋಸಿ ಎದ್ದು ತಟ್ಟೆಯನ್ನು ಹಿಡಿದುಕೊಳ್ಳದಿದ್ದರೆ ಅಮ್ಮನ ಕಪ್ಪುಗಳೂ ಇತಿಹಾಸವಾಗುತ್ತಿದ್ದವು. ಬೆರಿಲ್ ಚಮಚ ನೋಡಿದಳು, ಗುಂಡಿ ನೋಡಿದಳು, ಗಂಡನ ಮುಖ ನೋಡಿದಳು.

ಮಾತಾಡಿದವರು ಆಂಟಿ ಹೂಯಾ.

"ಮಾತಿಯುವಿನ ಕಲ್ಲು!" ಎಂದರು. "ಅಯ್ಯೋ ನನ್ನ ಮುದುಕನ ಕಲ್ಲು ಕಣಯ್ಯಾ ಇವು!"

ಎಂದವರೇ ನಗಲು ಶುರುಮಾಡಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿ, ನಿಲ್ಲಲಾರದೆ ಲಯನೆಲ್‌ನ ಟೈ ಹಿಡಿದುಕೊಂಡು ನಕ್ಕರು. ಬೇಲಿಯಾಚೆಯಿಂದ ಒಂದು ಕುರ್ಚಿ ಬಂತು. ಅದರಲ್ಲಿ ಕುಳಿತು ಇನ್ನಷ್ಟು ನಕ್ಕರು.

"ಮರ್ವಿನಾ, ನಿನ್ನ ಐವತ್ತನೇ ಹುಟ್ಟಿದಬ್ಬಕ್ಕೆ ಇಲ್ಲಿ ಹಾಂಗಿ ಹಾಕಿದ್ದು ಯಾರು ಅಂದ್ಕೊಂಡೆ? ನನ್ನ ಮಾತಿಯು! ಬೆಳಗ್ಗೆ ಐದಕ್ಕೆ ಬಂದು ಗುಂಡಿ ತೋಡಿ, ಬೆಂಕಿ ಹಾಕಿ, ಕಲ್ಲಿನ ಜೊತೆ ಕಾವು ಹಿಡೀಲಿ ಅಂತ ಆ ಹಳಿ ತುಂಡೂ ಇಟ್ಟು, ಎರಡು ಕುರಿ, ಮೂರು ಚೀಲ ಗೆಣಸು. ಗೆಣಸು ಹೆರೆದವಳು ನಾನು! ಮಳೆ ಬಂತಲ್ಲ, ಜನ ಎಲ್ಲ ಒಳಗೆ ಓಡಿದ್ರು. ಅಡುಗೆ ಎತ್ತಿದ ಮೇಲೆ ಕಲ್ಲು ಇನ್ನೂ ಕೆಂಡ. ಯಾರಾದ್ರೂ ಮಕ್ಕಳು ಬಿದ್ದಾರು ಅಂತ ಅವನು ಕತ್ತಲಲ್ಲಿ ನೆನ್ಕೊಂಡೇ ಮಣ್ಣು ಎಳೆದ."

"ನಾನು ಎಲ್ಲಿದ್ದೆ?" ಎಂದ ಮರ್ವಿನ್, ನಿಜವಾಗಿಯೂ ತಿಳಿಯಬೇಕೆಂದು.

"ಕುರ್ಚಿಯಲ್ಲಿ," ಎಂದರು ಆಂಟಿ ಹೂಯಾ ಮತ್ತು ಬೆರಿಲ್ ಒಟ್ಟಿಗೆ.

"ತಟ್ಟೆ ಒಳಗೇ ತಂದುಕೊಟ್ವಿ," ಎಂದು ಬೆರಿಲ್ ಸೇರಿಸಿದಳು. "ಟ್ರಾಯ್ ಬೀಳೋದ್ರಲ್ಲಿದೆ, ಇನ್ನು ನಾಲ್ಕು ಪುಟ ಅಂದೆ."

"ಕಲ್ಲು ಕೇಳೋಕೆ ಮಾತಿಯು ಎರಡು ಸಲ ಬಂದ," ಎಂದರು ಆಂಟಿ. "ಒಳ್ಳೆ ಹಾಂಗಿ ಕಲ್ಲು ಅಂದ್ರೆ ಸುಮ್ನೆನಾ? ಎಷ್ಟು ಕಾಯ್ಸಿದ್ರೂ ಒಡೀಬಾರ್ದು. ಅವನ ಅಪ್ಪ ಹೊಳೆಯಿಂದ ಆರಿಸಿ ತಂದಿದ್ದು. ನೀನು ಪುಸ್ತಕದಿಂದ ತಲೆ ಎತ್ತದೆ, 'ಕಲ್ಲಾ? ಇಲ್ಲಿ ಯಾವ ಕಲ್ಲೂ ಇಲ್ಲ ಮಾರಾಯ' ಅಂದು, ಟ್ರಾಯ್ ಕೋಟೆ ಕಲ್ಲಿನ ಬಗ್ಗೆ ಮುಕ್ಕಾಲು ಗಂಟೆ ಹೇಳಿ ಕಳಿಸಿದ್ಯಂತೆ. ಹಿತ್ತಲಿಗೆ ಹೋಗಿ ನೋಡಿದ್ರೆ ಅಷ್ಟರಲ್ಲಿ ಹುಲ್ಲು ಬಿತ್ತಿ ಆಗಿತ್ತು. ಹುಟ್ಟುಹಬ್ಬದ ಮನೇಲಿ ಜಗಳ ಆಗಿದೆ, ಹುಲ್ಲು ಕೀಳೋದು ಬೇಡ ಅಂತ ಬಂದ್ಬಿಟ್ಟ. ಸಾಯೋವರೆಗೂ ನನ್ ಹತ್ರ ಬೈಸ್ಕೊಂಡ. ಅಪ್ಪನ ಕಲ್ಲು ಕಳ್ಕೊಂಡವನೇ ಅಂತ."

ನಗು ಇಲ್ಲಿಗೆ ನಿಂತಿತು. ಆಂಟಿ ಹೂಯಾ ಕುರ್ಚಿಯಿಂದ ಎದ್ದರು. ಜೋಸಿಯ ಕೈ ಹಿಡಿದು ಬಗ್ಗಿ ಒಂದು ಕಲ್ಲಿನ ಮೇಲೆ ಅಂಗೈ ಇಟ್ಟರು. ಮಾತಿಯು ಹೋಗಿ ಹನ್ನೆರಡು ವರ್ಷವಾಗಿತ್ತು.

"ಒಂದೂ ಒಡೆದಿಲ್ಲ ನೋಡು," ಎಂದರು ಮೆಲ್ಲಗೆ. ಯಾರಿಗೆ ಹೇಳಿದರೋ ಗೊತ್ತಾಗಲಿಲ್ಲ. ಆಮೇಲೆ ದನಿ ಎತ್ತಿ, "ಪ್ರಾರ್ಥನೆ ಹೇಳೋಕೆ ಬಂದೆ, ಹೇಳೇ ಹೋಗ್ತೀನಿ. ನೂರು ಜನ ಉಂಡ ಜಾಗ ಇದು. ಹಳೇದಾದ್ರೇನು, ಹೊಸದಾದ್ರೇನು," ಎಂದರು.

ಹೇಳಿದರು. ಲಯನೆಲ್ ಟೈ ಸರಿಪಡಿಸಿಕೊಂಡು ತಲೆ ಬಾಗಿಸಿದ. ಬೇಲಿಯಾಚೆಯವರು ಎದ್ದು ನಿಂತರು. ಮರ್ವಿನ್ ಅಷ್ಟು ಹೊತ್ತೂ ಕಲ್ಲುಗಳನ್ನು ನೋಡುತ್ತಿದ್ದ. ತನಗಾಗಿ ಬೆಳಗಿನ ಐದಕ್ಕೆ ಎದ್ದು ಬಂದವನ ಕೆಲಸವನ್ನು ಅವನು ಮೊದಲ ಬಾರಿ ನೋಡುತ್ತಿದ್ದ.

ಜೋಸಿ ಪಿಕಾರ್ಡ್ ಫಾರಂ ತುಂಬಲೇಬೇಕಾಗಿತ್ತು. ನಿವೇಶನದ ಬಗೆ: ಮಣ್ಣೊಲೆ. ಕಾಲ: ಇಪ್ಪತ್ತಾರು ವರ್ಷ. ಸ್ಥಿತಿ: ಅತ್ಯುತ್ತಮ. ದೊರೆತ ವಸ್ತುಗಳು ಎಂಬಲ್ಲಿಗೆ ಬಂದಾಗ ಚಮಚ ಎಲ್ಲಿ ಎಂದು ಹುಡುಕಿದಳು. ಚಮಚವೂ ಇರಲಿಲ್ಲ, ಬೆರಿಲ್ಲೂ ಇರಲಿಲ್ಲ.

ಬೆರಿಲ್ ಆಗಲೇ ಬೀದಿಯಲ್ಲಿದ್ದಳು. ಒಂದು ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಚಮಚ, ಇನ್ನೊಂದು ಕಂಕುಳಲ್ಲಿ ಬೀರುವಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿ. ಅಡುಗೆಯ ಏಪ್ರನ್ ಬಿಚ್ಚಿರಲಿಲ್ಲ. ಮರ್ವಿನ್ ಕೆಸರು ಮೊಣಕಾಲಿನಲ್ಲಿ ಹಿಂದೆ ಹಿಂದೆ ಬಂದ. ಎರಡು ಬೀದಿ ದಾಟಲು ಇಪ್ಪತ್ತಾರು ವರ್ಷ ಹಿಡಿದ ದಾರಿ ನಾಲ್ಕು ನಿಮಿಷದಲ್ಲಿ ಮುಗಿಯಿತು.

ಎನಿಡ್ ಬಾಗಿಲು ತೆರೆದಳು. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿದರು. ಇಬ್ಬರಿಗೂ ತಲೆ ಬೆಳ್ಳಗಾಗಿತ್ತು. ಚರ್ಚಿನಲ್ಲಿ ಎಡಬಲಕ್ಕೆ ಕುಳಿತು ಬರೀ ಕೆನ್ನೆ ನೋಡಿದವರು, ಮುಖ ನೋಡಿರಲಿಲ್ಲ.

ಬೆರಿಲ್ ಬಟ್ಟೆ ಬಿಚ್ಚಿದಳು. ಎನಿಡ್ ಚಮಚ ನೋಡಿದಳು.

"ಎಲ್ಲಿತ್ತು?"

"ಹಾಂಗಿ ಗುಂಡಿಯಲ್ಲಿ. ಮಳೇಲಿ ಯಾರೋ ಬೀಳಿಸಿದ್ರು ಅಂತ ಕಾಣುತ್ತೆ. ಎನಿಡ್, ನಾನು..." ಬೆರಿಲ್ ಡಬ್ಬಿಯನ್ನು ಚಾಚಿದಳು. ಎನಿಡ್ ಮುಚ್ಚಳ ತೆಗೆದಳು. ಬಾಚಣಿಗೆ, ಕರವಸ್ತ್ರ, ಪೆಪ್ಪರ್‌ಮೆಂಟು, ಬಸ್ಸಿನ ಟಿಕೆಟು. ಕರವಸ್ತ್ರ ಇಸ್ತ್ರಿ ಮಾಡಿ ಮಡಚಿತ್ತು.

"ಇದನ್ನ ಇಟ್ಕೊಂಡಿದ್ಯಾ?"

"ನಿಂದಲ್ವಾ."

ಎನಿಡ್ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡಳು. ಒಂದು ಪೆಪ್ಪರ್‌ಮೆಂಟನ್ನು ತಾನು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಅಕ್ಕನಿಗೆ ಕೊಟ್ಟಳು. ಅದನ್ನು ಅಗಿಯಲು ಇಬ್ಬರ ಹಲ್ಲಿಗೂ ಆಗಲಿಲ್ಲ.

"ಒಂದು ಗುಂಡಿ ಅಗೆಯೋಕೆ ಇಪ್ಪತ್ತಾರು ವರ್ಷ ಬೇಕಾಯ್ತಾ?" ಎಂದಳು ಎನಿಡ್, ಬಾಯಲ್ಲಿ ಪೆಪ್ಪರ್‌ಮೆಂಟು ಹೊರಳಿಸುತ್ತ.

"ಅಗೆಯೋಕೆ ನಾಲ್ಕು ದಿನ," ಎಂದಳು ಬೆರಿಲ್. "ಇವನು ಕುರ್ಚಿಯಿಂದ ಏಳೋಕೆ ಇಪ್ಪತ್ತಾರು ವರ್ಷ."

ಇಬ್ಬರೂ ಮರ್ವಿನ್‌ನನ್ನು ನೋಡಿದರು. ಅವನು ಹೂಕುಂಡದ ಪಕ್ಕದಲ್ಲಿ ಅಪರಾಧಿಯ ಹಾಗೆ ನಿಂತಿದ್ದ. ಬೇರೆ ದಿನವಾಗಿದ್ದರೆ ರೋಮನ್ನರ ಹೂಕುಂಡಗಳ ಬಗ್ಗೆ ಎರಡು ಮಾತಾದರೂ ಆಡುತ್ತಿದ್ದ. ಅಕ್ಕತಂಗಿಯರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಅತ್ತರು. ಅವನೂ ಅತ್ತ.

ಶುಕ್ರವಾರದ ಉಪನ್ಯಾಸವನ್ನು ರದ್ದುಮಾಡಬೇಕೆಂದು ಲಯನೆಲ್ ಹೇಳಿದ. ಮರ್ವಿನ್ ಬೇಡವೆಂದ. ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನು ಎದ್ದು ನಿಂತು, ತಾನು ಪುರಾತತ್ವಜ್ಞನಲ್ಲ, ಅಂದು ಬಾಯಲ್ಲಿ ಕೇಕಿತ್ತು ಎಂದು ಮೊದಲು ಒಪ್ಪಿಕೊಂಡ. ಆಮೇಲೆ ತನಗೆ ತಿಳಿದದ್ದನ್ನು ಹೇಳಿದ: ಗುಂಡಿ ತೋಡಿದವನು ಮಾತಿಯು, ಗೆಣಸು ಹೆರೆದವರು ಆಂಟಿ ಹೂಯಾ, ಪಾತ್ರೆ ತೊಳೆದವಳು ಎನಿಡ್, ತಟ್ಟೆ ತಂದುಕೊಟ್ಟವಳು ಬೆರಿಲ್, ತಿಂದವನು ತಾನು. ಆ ದಿನ ಇನ್ನೂ ಏನಾಯಿತೆಂದು ತನಗೆ ಗೊತ್ತಿಲ್ಲ, ಇದ್ದವರು ದಯವಿಟ್ಟು ಹೇಳಬೇಕು ಎಂದು ನೋಟ್‌ಪುಸ್ತಕ ತೆರೆದು ಕುಳಿತ. ಜನ ಒಬ್ಬೊಬ್ಬರಾಗಿ ಎದ್ದು ಹೇಳಿದರು. ಯಾರ ಕೊಡೆ ಹಾರಿತು, ಯಾರ ಮಗು ಮೊದಲ ಹೆಜ್ಜೆ ಇಟ್ಟಿತು, ಮಾತಿಯು ಯಾವ ಹಾಡು ಹಾಡಿದ, ಎಲ್ಲ ಬಂತು. ಪ್ರತಿಯೊಬ್ಬರಿಗೂ ಮರ್ವಿನ್ ಒಂದೇ ಪ್ರಶ್ನೆ ಕೇಳಿದ: "ಆಮೇಲೆ?"

ಮುಂದಿನ ಶನಿವಾರ ಅದೇ ಗುಂಡಿಯಲ್ಲಿ ಹಾಂಗಿ ಹಾಕಿದರು. ಬಟ್ಟೆಯ ಕಂಬ ನಿಂಬೆ ಗಿಡವಿದ್ದ ಜಾಗಕ್ಕೆ ಹೋಯಿತು. ಆಂಟಿ ಹೂಯಾ ಕುರ್ಚಿಯಲ್ಲಿ ಕುಳಿತು ಗದರುತ್ತಿದ್ದರು, ಮರ್ವಿನ್ ಬೆಳಗಿನ ಐದಕ್ಕೆ ಎದ್ದು ಬೆಂಕಿ ಹಾಕಿದ, ಹುಬ್ಬು ಸುಟ್ಟುಕೊಂಡ. ಲಯನೆಲ್ ಟೈ ಬಿಚ್ಚಿ ಗೆಣಸು ಹೊತ್ತ. ಅಕ್ಕತಂಗಿಯರು ಅಕ್ಕಪಕ್ಕ ನಿಂತು ಎರಡು ಬೆಳ್ಳಿ ಚಮಚಗಳಿಂದ ಬಡಿಸಿದರು. ಒಂದು ಪಳಪಳ ಹೊಳೆಯುತ್ತಿತ್ತು. ಇನ್ನೊಂದಕ್ಕೆ ಎಷ್ಟು ಉಜ್ಜಿದರೂ ಹೋಗದ ಕಪ್ಪಿತ್ತು, ಅದನ್ನು ಎನಿಡ್ ಯಾರಿಗೂ ಕೊಡಲಿಲ್ಲ. ಕಲ್ಲುಗಳು ಆರಿದ ಮೇಲೆ ಮರ್ವಿನ್ ಅವನ್ನು ಒಂದೊಂದಾಗಿ ಎಣಿಸಿ, ತೊಳೆದು, ಆಂಟಿ ಹೂಯಾ ಮನೆಗೆ ತಾನೇ ಸಾಗಿಸಿದ.

ಗುಂಡಿ ಮುಚ್ಚುವ ಮೊದಲು ಅವನು ಒಂದು ಜಾಮಿನ ಸೀಸೆಯೊಳಗೆ ಚೀಟಿ ಹಾಕಿ, ಮುಚ್ಚಳಕ್ಕೆ ಮೇಣ ಹಚ್ಚಿ, ತಳದಲ್ಲಿಟ್ಟ. ಮುಂದೆ ಯಾರಾದರೂ ಅಗೆಯುವವರಿಗೆ ಎಂದು ಬರೆದದ್ದು. ಉಂಡವರೆಲ್ಲರ ಹೆಸರು ಅದರಲ್ಲಿತ್ತು. ಬೆರಿಲ್ ಮತ್ತು ಎನಿಡ್ ಹೆಸರು ಒಂದೇ ಸಾಲಿನಲ್ಲಿತ್ತು. ಮಾತಿಯು ಉಣ್ಣದಿದ್ದರೂ ಅವನ ಹೆಸರು ಎಲ್ಲಕ್ಕಿಂತ ಮೇಲಿತ್ತು. ಕೆಳಗೆ ಎರಡು ಸಾಲು:

"ಚಮಚ ಎರಡೂ ಮನೆಯಲ್ಲಿವೆ, ಹುಡುಕಬೇಡಿ. ಮರ್ವಿನ್ ಟಾಪ್ಲಿಸ್ ಈ ಸಲ ಹೊರಗೆ ಕುಳಿತು ಉಂಡ."